ಅಕ್ಕನ ಗಗನನೌಕೆಯಲ್ಲಿ ಹಳೆಯ ನಾಟಕ

ಕೊಡಗು ಪ್ರತ್ಯೇಕ ರಾಜ್ಯವಾಗಿದ್ದ ಕಾಲ. ನಾನೂ ಅಕ್ಕನೂ ಮಡಿಕೇರಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಹೈಸ್ಕೂಲು ಓದುತ್ತಿದ್ದೆವು. ಶನಿವಾರ ಬಸ್ಸು ಹಿಡಿದು ನಾಪೋಕ್ಲಿಗೆ, ನಮ್ಮ ಮನೆಗೆ. ಅಕ್ಕ ನನಗಿಂತ ಒಂದು ತರಗತಿ ಮುಂದೆ. ಶಾಲೆಯಲ್ಲೊಂದು ಕೈಬರಹದ ಮಾಸಪತ್ರಿಕೆಯಿತ್ತು. ಇದ್ದದ್ದು ಒಂದೇ ಪ್ರತಿ, ಕೈಯಿಂದ ಕೈಗೆ ಹೋಗುತ್ತಿತ್ತು. ಅದರಲ್ಲಿ ಅಕ್ಕ ಮಂಗಳ ಗ್ರಹಕ್ಕೆ ಹೊರಟ ಗಗನನೌಕೆಯ ಧಾರಾವಾಹಿ ಬರೆಯತೊಡಗಿದಳು.

ಆ ನೌಕೆಯ ಕ್ಯಾಪ್ಟನ್ ಹಟಮಾರಿ ಮುದುಕ. ದಾರಿ ತಪ್ಪಿದೆ, ಹಿಂತಿರುಗೋಣ ಎಂದ ಮಗಳನ್ನು ಕೋಣೆಯಲ್ಲಿ ಕೂಡಿಹಾಕುತ್ತಾನೆ. ಹೊತ್ತು ಕಳೆಯಲು ನೌಕೆಯವರು ಹಳೆಯ ದುರಂತ ನಾಟಕವೊಂದನ್ನು ಅಭ್ಯಾಸ ಮಾಡುತ್ತಿರುತ್ತಾರೆ. ಅದರಲ್ಲಿ ರಾಜನೊಬ್ಬ ನಿಜ ನುಡಿದ ಮಗಳನ್ನು ಹೊರಗಟ್ಟಿ, ಕೊನೆಗೆ ಅವಳ ಹೆಣ ಎತ್ತಿಕೊಂಡು ಅಳುತ್ತಾನೆ. ಅಕ್ಕನ ತರಗತಿಗೆ ಅದು ಪಾಠವಾಗಿತ್ತು. ಹಾಗಾಗಿ ಕ್ಯಾಪ್ಟನ್ನನ ಮಗಳೂ ಸಾಯುತ್ತಾಳೆಂದು ಓದಿದವರೆಲ್ಲ ತಿಳಿದಿದ್ದರು. ಅಕ್ಕನೂ ಹಾಗೆಯೇ ಬರೆದಿಟ್ಟಿದ್ದಳು.

ಓದಲು ಬಾರದ ಅವ್ವನಿಗೆ ಪ್ರತಿ ಕಂತನ್ನೂ ನಾನು ಓದಿ ಹೇಳುತ್ತಿದ್ದೆ. ಕೊನೆಯ ಕಂತಿನ ಕರಡು ಕೇಳಿ ಅವ್ವ ಅಕ್ಕಿ ಕೇರುವುದನ್ನು ನಿಲ್ಲಿಸಿದಳು.

“ನಾಟಕ ನೋಡಿನೂ ಆ ಅಪ್ಪಂಗೆ ಬುದ್ಧಿ ಬಂದಿಲ್ಲೆನಾ?” ಎಂದಳು.

ಅಕ್ಕ ನನ್ನ ಕೈಯಿಂದ ಕರಡು ತೆಗೆದುಕೊಂಡಳು. ಅಂದು ಮಧ್ಯಾಹ್ನ ಊಟಕ್ಕೂ ಏಳದೆ ಮತ್ತೆ ಬರೆದಳು. ಈಗ ರಾಜನ ಪಾತ್ರ ಕ್ಯಾಪ್ಟನ್ನನದೇ. ಸತ್ತ ಮಗಳ ಪಾತ್ರಕ್ಕೆಂದು ತನ್ನ ಮಗಳನ್ನೇ ಕೋಣೆಯಿಂದ ಕರೆಸುತ್ತಾನೆ. ಅವಳನ್ನು ತೋಳಲ್ಲಿ ಎತ್ತಿಕೊಂಡಾಗ ಬಾಯಿಗೆ ಮಾತು ಬರುವುದಿಲ್ಲ. ಮೆಲ್ಲಗೆ ಕೆಳಗಿಳಿಸಿ, ನೌಕೆ ತಿರುಗಿಸಲು ಅಪ್ಪಣೆ ಕೊಡುತ್ತಾನೆ.

ಶಾಲೆಯಲ್ಲಿ ಪತ್ರಿಕೆ ನೋಡಿಕೊಳ್ಳುತ್ತಿದ್ದ ಕನ್ನಡ ಪಂಡಿತರು ಅಕ್ಕನನ್ನು ಕರೆಸಿದರು. ನಾನು ಬಾಗಿಲಲ್ಲೇ ನಿಂತಿದ್ದೆ. ದೊಡ್ಡವರು ಬರೆದ ದುರಂತವನ್ನು ಸುಖಾಂತ ಮಾಡುವುದು ಉದ್ಧಟತನ ಎಂದರು ಅವರು. ಅಕ್ಕ ನೆಟ್ಟಗೆ ನಿಂತು ಹೇಳಿದಳು:

“ನಾಟಕ ಹಾಗೇ ಇದೆ ಸರ್. ಆ ರಾಜಂಗೆ ಮೊದಲೇ ತೋರಿಸೋಕೆ ಯಾವ ನಾಟಕವೂ ಇರಲಿಲ್ಲ. ನಮ್ಮ ಕ್ಯಾಪ್ಟನ್‌ಗೆ ಇತ್ತು.”

ಪಂಡಿತರು ಕೊನೆಯ ಪುಟವನ್ನು ನಿಂತೇ ಇನ್ನೊಮ್ಮೆ ಓದಿದರು. ಒಂದಕ್ಷರ ತಿದ್ದದೆ ಪತ್ರಿಕೆಗೆ ಕೊಟ್ಟರು.

ಮರುವರ್ಷ ಅದೇ ನಾಟಕ ನಮ್ಮ ತರಗತಿಗೆ ಬಂತು. ಪಾಠ ಮುಗಿದ ದಿನ ಪಂಡಿತರು ಪುಸ್ತಕ ಮುಚ್ಚಿ, “ಇದನ್ನ ಯಾಕೆ ಓದಬೇಕು ಅಂತ ಹೋದ ವರ್ಷ ಒಬ್ಬಳು ಹುಡುಗಿ ನನಗೆ ಹೇಳಿಕೊಟ್ಟಳು” ಎಂದರು. ಇಡೀ ತರಗತಿ ನನ್ನತ್ತ ತಿರುಗಿತು. ನಾನು ತಲೆ ತಗ್ಗಿಸಲಿಲ್ಲ.

ಆ ಶನಿವಾರ ಮನೆಗೆ ಹೋದವಳೇ ಅವ್ವನಿಗೆ ಹೇಳಿದೆ. ಅವಳು ಆ ಮಾತನ್ನು ಎರಡು ಸಲ ಹೇಳಿಸಿಕೊಂಡಳು.