ಮಹಾದೇವಿ ಟೀಚರ್ ಕೊರೆಸಿದ ಗೆರೆ

ಶಹಾಬಾದದ ನಮ್ಮ ಓಣಿಯಲ್ಲಿ ಮಹಾದೇವಿ ಟೀಚರಷ್ಟು ಕುಳ್ಳಗಿದ್ದ ದೊಡ್ಡವರು ಬೇರೆ ಯಾರೂ ಇರಲಿಲ್ಲ. ಮೇಲಿನ ಪುಸ್ತಕ ಇಳಿಸಲು ಸ್ಟೂಲ್ ಹತ್ತಿ, ತುದಿಗಾಲಲ್ಲಿ ನಿಂತು, ನಮ್ಮನ್ನೇ ಬೈಯುತ್ತಿದ್ದರು: "ಇಷ್ಟು ಮಂದಿ ಇದ್ದೀರಿ, ಒಬ್ಬರರ ಲಗೂ ಉದ್ದ ಬೆಳೀಬಾರದೇನ?"

ಭಾನುವಾರ ಬೆಳಿಗ್ಗೆ ಪಡಸಾಲೆಯಲ್ಲಿ ಚಾಪೆ ಹಾಸಿ ಅವರು ನಮಗೆ ಮಾಯಾಲೋಕದ ಕತೆ ಹೇಳುತ್ತಿದ್ದರು. ಬಾಗಿಲ ಬದಿಯ ಗೋಡೆಗೆ ನೆಟ್ಟಗೆ ಹಚ್ಚಿದ್ದ ಫರಸಿ ಚಪ್ಪಡಿ ಕಲ್ಲಿನ ಮೇಲೆ ಒಂದು ಗೆರೆ ಕೊರೆಸಿದ್ದರು. ತಲೆ ಗೆರೆಯ ಕೆಳಗಿದ್ದರೆ ಚಾಪೆ ಮೇಲೆ ಕೂತು ಕೇಳಬೇಕು. ಗೆರೆ ದಾಟಿದರೆ ಎದುರು ಕೂತು ಕತೆ ಹೇಳಬೇಕು. ಟೀಚರೇ ಆ ಗೆರೆಗಿಂತ ನಾಲ್ಕು ಬೆರಳಷ್ಟೇ ಎತ್ತರವಿದ್ದರು.

ಹನ್ನೊಂದನೇ ವಯಸ್ಸಿಗೆ ನಾನು ಸರ್ರನೆ ಬೆಳೆದೆ. ಚಾಪೆ ಬಿಡಲು ಮನಸ್ಸಿಲ್ಲ. ಉದ್ದ ಲಂಗದೊಳಗೆ ಮೊಣಕಾಲು ಮಡಚಿ ಕಲ್ಲಿಗೆ ಆತು ನಿಂತೆ. ಮೂರು ವಾರ ದಕ್ಕಿತು. ನಾಲ್ಕನೇ ವಾರ ಹಿಡಿದುಬಿಟ್ಟರು.

"ಯಾಕವ್ವಾ, ಮೊಣಕಾಲಿಗೆ ಏನಾಗ್ಯಾದ? ನೆಟ್ಟಗ ನಿಂದ್ರು."

ನಾನು ಅತ್ತೇಬಿಟ್ಟೆ. "ದೊಡ್ಡೋರಾದ್ರ ಮಾಯಾಲೋಕದ ಬಾಗಲಾ ತೆರೆಯಂಗಿಲ್ಲಂತ ನೀವೇ ಹೇಳೀರಲ್ರಿ ಟೀಚರ್!"

ಅವರ ಕತೆಗಳಲ್ಲೆಲ್ಲ ಹಾಗೇ ಆಗುತ್ತಿತ್ತು. ನನಗದು ನಿಜವಾದ ಹೆದರಿಕೆ.

ಟೀಚರ್ ಸೆರಗಿನಿಂದ ನನ್ನ ಮೂಗು ಒರೆಸಿದರು. "ಹೇಳೀನಿ, ಖರೇ ಅದ. ಆದ್ರ ಸಣ್ಣೋರು ಒಳಗ ಹೋಗೋತನಕ ಬಾಗಲಾ ಹಿಡಕೊಂಡು ನಿಂದ್ರಲಿಕ್ಕ ಒಬ್ಬರು ಬೇಕಲ್ಲ? ನನಗ ನಿಂತು ನಿಂತು ಸಾಕಾಗ್ಯಾದ. ಈಗ ನೀ ನಿಂದ್ರು."

ಎದುರು ಕೂತು ಕತೆ ಶುರು ಮಾಡಿದೆ. ಗಾಬರಿಯಲ್ಲಿ ಎರಡನೇ ಮಾತಿಗೇ ರಾಕ್ಷಸನನ್ನು ಕೊಂದುಹಾಕಿದೆ. ಮುಂದೆ ಹೇಳಲು ಏನೂ ಉಳಿಯಲಿಲ್ಲ.

"ಅವನ್ನ ಎಬ್ಬಿಸವ್ವಾ!" ಚಿಕ್ಕವರ ನಡುವೆ ಕೂತಿದ್ದ ಟೀಚರ್ ಕೂಗಿದರು. "ಊಟಕ್ಕ ಕರೀಲಿಕ್ಕ ಇವರವ್ವಗೋಳು ಇನ್ನಾ ಬಂದಿಲ್ಲ!"

ರಾಕ್ಷಸ ಎದ್ದು ಆಕಳಿಸಿದ. ಮಕ್ಕಳು ಬಿದ್ದು ಬಿದ್ದು ನಕ್ಕರು. ಅವತ್ತು ಹತ್ತಿದ ಚಟ, ಈಗ ನಾನು ಕಲಿಸುವ ಚಿತ್ತಾಪುರದ ಶಾಲೆಯಲ್ಲಿ ಪಾಠಕ್ಕಿಂತ ನನ್ನ ಕತೆಯೇ ಹೆಚ್ಚು.

ಹೋದ ವರ್ಷ ನೋಡಲು ಹೋದಾಗ ಟೀಚರ್ ಬೆನ್ನು ಬಾಗಿ ಇನ್ನಷ್ಟು ಕುಳ್ಳಗಾಗಿದ್ದರು. ಗೋಡೆ ಹಿಡಿದು ಬಂದು ಅದೇ ಕಲ್ಲಿಗೆ ಆತು ನಿಂತರು. ತಲೆ ಗೆರೆಯ ಕೆಳಗಿತ್ತು.

"ನೋಡ್ದೇನ? ನಾ ಮೊಣಕಾಲು ಮಡಚಿಲ್ಲ ಮತ್ತ. ಚಾಪಿ ಹಾಸು, ರಾಕ್ಷಸನ ಕತಿ ಹೇಳು."

ಈ ಸಲ ಕೊಲ್ಲಲು ನನಗೆ ಅವಸರವಿರಲಿಲ್ಲ. ರಾಕ್ಷಸನನ್ನು ಏಳು ಬೆಟ್ಟ ಹತ್ತಿಸಿದೆ, ಕಾಗಿಣಾ ನದಿಯಲ್ಲಿ ಈಜಾಡಿಸಿದೆ. ಟೀಚರ ಸೊಸೆ ಊಟಕ್ಕೆ ಕರೆದಳು. ಟೀಚರ್ ಕೈ ಅಡ್ಡ ಹಿಡಿದರು: "ತಡಿಯವ್ವಾ, ರಾಕ್ಷಸ ಇನ್ನಾ ಸತ್ತಿಲ್ಲ."

ಬಸ್ಸಿನ ಹೊತ್ತಾಯಿತು. ಮುಂದಿನ ಭಾನುವಾರ ಬಂದು ಮುಗಿಸುತ್ತೇನೆಂದು ಎದ್ದೆ. ಆ ಭಾನುವಾರಕ್ಕೆ ಟೀಚರ್ ಇರಲಿಲ್ಲ.

ಚಿತ್ತಾಪುರದ ಮಕ್ಕಳು ವಾರವಾರವೂ ಕೇಳುತ್ತಾರೆ, ಆ ರಾಕ್ಷಸ ಯಾವಾಗ ಸಾಯ್ತಾನ್ರಿ ಟೀಚರ್ ಎಂದು. ನಾನಿನ್ನೂ ಕೊಂದಿಲ್ಲ.