ಕಂಡಿಕೆಗೆ ಸುತ್ತಿದ ಕೂದಲು

ಬಾಚಣಿಗೆಗೆ ನನ್ನ ತಲೆಯಲ್ಲಿ ಎಂದೂ ಹೆಚ್ಚಿನ ಕೆಲಸವಿರಲಿಲ್ಲ. ನೆತ್ತಿಯ ಮೇಲಿಟ್ಟರೆ ಸಾಕು, ಯಾವ ಅಡೆತಡೆಯೂ ಇಲ್ಲದೆ ತಾನೇ ಕೆಳಗಿಳಿಯುತ್ತಿತ್ತು. ಸರಳಮಾರ್ಗದಲ್ಲಿ ನಡೆಯುವುದು ಮನುಷ್ಯರಿಗೆ ಭೂಷಣವೇ ಹೊರತು ಕೂದಲಿಗಲ್ಲ ಎಂಬುದನ್ನು ನನ್ನನ್ನು ನೋಡಲು ಬಂದ ವರನ ಕಡೆಯವರೆಲ್ಲ ಮನವರಿಕೆ ಮಾಡಿಕೊಟ್ಟಿದ್ದರು. ಅರವತ್ತರ ಆ ದಶಕದಲ್ಲಿ ಧಾರವಾಡದಂಥ ಸುಸಂಸ್ಕೃತ ಊರಿನಲ್ಲೂ ಕನ್ಯೆಯಿಂದ ಹಾಡು ಹೇಳಿಸಿ, ಕೊನೆಗೆ ಒಳಗೆಲ್ಲಾದರೂ ಚೌರಿ ಸೇರಿದೆಯೇ ಎಂದು ಹೆರಳು ಬಿಚ್ಚಿಸಿ ನೋಡುವ ಪದ್ಧತಿಯಿತ್ತು. ನನ್ನ ಬಿ.ಎ. ಪದವಿ ಎಲ್ಲರಿಗೂ ಒಪ್ಪಿಗೆಯಾಗುತ್ತಿತ್ತು. ಇಲಿಬಾಲದಂಥ ಹೆರಳು ಯಾರಿಗೂ ಆಗುತ್ತಿರಲಿಲ್ಲ. ಈಗ ನಗುತ್ತಾ ಹೇಳುತ್ತಿದ್ದೇನೆ, ಆಗ ಅಡುಗೆಮನೆಯ ಮೂಲೆಯಲ್ಲಿ ಕೂತು ಅತ್ತಿದ್ದೇನೆ.

ಗದಗಿನವರು ನೋಡಲು ಬರುವ ದಿನ, ಮುಂಬಯಿಯಿಂದ ಬಂದಿದ್ದ ನಮ್ಮ ಕಾಕು, ಅಂದರೆ ಚಿಕ್ಕಪ್ಪನ ಹೆಂಡತಿ, ಈ ಕೇಶಸಂಕಟದ ಪರಿಹಾರಕ್ಕೆ ಸೆರಗು ಬಿಗಿದು ನಿಂತಳು. "ಸುತ್ತಿ ಉಬ್ಬಿಸಿದ್ರ ಎರಡರಷ್ಟು ಕಾಣತಾವ, ಸುಮ್ನ ಕೂಡು," ಎಂದಳು. ಮುಂಬಯಿಯ ಹೆಂಗಸರು ಕೂದಲು ಸುತ್ತುವ ರೋಲರು ನಮ್ಮ ಪೇಟೆಗೆ ಇನ್ನೂ ಕಾಲಿಟ್ಟಿರಲಿಲ್ಲವಾಗಿ, ಹಳೇ ಹುಬ್ಬಳ್ಳಿಯ ನೇಕಾರರಿಂದ ನೂಲು ಸುತ್ತುವ ಕಂಡಿಕೆಗಳು ಬಂದವು. ಚಟ್ನಿಗೆಂದು ಇಟ್ಟಿದ್ದ ಅಗಸಿ ಬೀಜ ಕುದಿದು ಲೋಳೆಯಾಗಿ ನನ್ನ ತಲೆಗೇರಿತು. ಕೂದಲನ್ನೆಲ್ಲ ಕಂಡಿಕೆಗಳಿಗೆ ಸುತ್ತಿಸಿಕೊಂಡು ಮಾಳಿಗೆಯ ಬಿಸಿಲಿನಲ್ಲಿ ಕೂತಾಗ, ಒಂದು ಲಾಳಿ ಸಿಕ್ಕಿದ್ದರೆ ನನ್ನ ನೆತ್ತಿಯ ಮೇಲೇ ಇಳಕಲ್ ಸೀರೆಯೊಂದನ್ನು ನೇಯಬಹುದಿತ್ತು.

ಸಂಜೆ ಬರಬೇಕಿದ್ದವರು, ಮೋಟಾರು ಲಗೂ ಸಿಕ್ಕಿತೆಂದು ಮಧ್ಯಾಹ್ನವೇ ಬಾಗಿಲಲ್ಲಿ ನಿಂತರು. ಕಂಡಿಕೆ ಬಿಚ್ಚಲು ಹೋದರೆ ಕೂದಲೇ ಕಿತ್ತುಬರುವಂತಿತ್ತು. ಇದ್ದದ್ದೇ ನಾಲ್ಕೆಳೆ, ಅದನ್ನೂ ಕಳೆದುಕೊಳ್ಳುವ ಧೈರ್ಯ ಯಾರಿಗಿದೆ ಹೇಳಿ? ಕಾಕು ಎಲ್ಲದರ ಮೇಲೆ ಸೆರಗು ಹೊದಿಸಿ ನನ್ನನ್ನು ಪಡಸಾಲೆಗೆ ತಳ್ಳಿದಳು. ನಾನು ತಗ್ಗಿಸಿದ ತಲೆ ಎತ್ತಲಿಲ್ಲ.

"ಈ ಕಾಲದಾಗ ತಲೀ ಮ್ಯಾಲ ಸೆರಗು! ಎಂಥಾ ಮರ್ಯಾದಸ್ತ ಹುಡುಗಿ ನೋಡ್ರಿ," ಎಂದರು ಹುಡುಗನ ತಾಯಿ. ಒಂದು ಕ್ಷಣ ನನಗೇ ನನ್ನ ಮೇಲೆ ಗೌರವ ಹುಟ್ಟಿತು. ಆದರೆ ಹಿರಿಯರ ಕಾಲಿಗೆ ಬೀಳದೆ ಕನ್ಯಾಪರೀಕ್ಷೆ ಮುಗಿಯುವುದುಂಟೇ? ಬಾಗಿದೆ, ಸೆರಗು ಜಾರಿತು, ಇಡೀ ಮಗ್ಗ ಬಯಲಾಯಿತು. ಈ ಸಂಬಂಧವೂ ಹೋಯಿತೆಂದುಕೊಂಡೆ.

ಹುಡುಗನ ತಾಯಿ ಕೆಳಗಿಳಿದು ನನ್ನ ಪಕ್ಕ ಕೂತರು. "ಅಯ್ಯ, ಇನ್ನೂ ಹಸೀನ ಐತಲ್ಲವ್ವಾ, ನೆಗಡಿ ಆದೀತು," ಎಂದು ಕಂಡಿಕೆಗಳನ್ನು ಒಂದೊಂದಾಗಿ, ನೋವಾಗದಂತೆ ಬಿಚ್ಚತೊಡಗಿದರು. ಆಮೇಲೆ ತಮ್ಮ ಅಡಕೆಯಷ್ಟಿದ್ದ ತುರುಬನ್ನು ಮುಟ್ಟಿಕೊಂಡು, ದನಿ ತಗ್ಗಿಸಿ ಕಾಕುವನ್ನು ಕೇಳಿದರು: "ಇದು ನನ್ನ ತಲೀಗೂ ನಡೀತೈತೇನ್ರಿ?"

"ಯಾಕ ನಡ್ಯೂದಿಲ್ರಿ? ಆದ್ರ ಸುತ್ತಾಕ ಮನ್ಯಾಗ ಒಬ್ಬಾಕಿ ಬೇಕಾಗತಾಳ," ಎಂದಳು ಕಾಕು.

"ಹಂಗಾರ ಇಕೀನ್ನ ಕರಕೊಂಡು ಹೋಗೂದ ಛಲೋ."

ಒಳಗೆ ಅವ್ವ ಸಕ್ಕರೆ ಡಬ್ಬಿ ಹುಡುಕುವ ಸದ್ದು ಕೇಳಿಸಿತು. ನನಗಾದ ಸಂತೋಷಕ್ಕೆ ಕಣ್ಣು ತುಂಬಿದವು. ಇನ್ನಾದರೂ ಹುಡುಗನ ಮುಖ ನೋಡೋಣವೆಂದು ಮೆಲ್ಲಗೆ ತಲೆಯೆತ್ತಲು ಹೋದೆ.

"ಅಲಗಾಡಬ್ಯಾಡ," ಎಂದು ಅತ್ತೆ ನನ್ನ ತಲೆಯನ್ನು ಮತ್ತೆ ಕೆಳಗೆ ಒತ್ತಿದರು.