ಹುಲ್ಲುಹಾಸಿನ ಕಡತದಲ್ಲಿ ನಾನು ಬಿಟ್ಟ ಸಾಲು

ಒಂದು ಸಾಲು ಬರೆಯದೆ ಬಿಟ್ಟದ್ದಕ್ಕೆ ಒಬ್ಬ ಮನುಷ್ಯನ ಕೆಲಸ ಹೋಗುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಹೋಯಿತು. ಬಿಟ್ಟವಳು ನಾನೇ.

ಗುಂಡ್ಲುಪೇಟೆಯ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಗುಮಾಸ್ತೆ. ಚಾಮರಾಜನಗರದಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಕಚೇರಿಯ ಮುಂದೆ ಒಂದು ಹುಲ್ಲುಹಾಸು ಇತ್ತು. ಅದರ ಮೇಲೆ ಯಾರೂ ಕಾಲಿಡುವಂತಿರಲಿಲ್ಲ, ಬೋರ್ಡ್ ಬೇರೆ ಹಾಕಿದ್ದರು. ವರ್ಷಕ್ಕೆ ಎರಡು ಸಲ, ಬಾವುಟ ಹಾರಿಸಿದ ಮೇಲೆ, ಸಾಹೇಬರು ಅಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಆ ಎರಡು ಫೋಟೋಗಾಗಿ ಬೋರ್‌ವೆಲ್ ನೀರು ಬೆಳಿಗ್ಗೆ ಸಂಜೆ ಹರಿಯುತ್ತಿತ್ತು.

ಒಂದು ಬೇಸಿಗೆಯ ಬೆಳಿಗ್ಗೆ ಹಿಂದಿನ ಬೀದಿಯ ಹೆಂಗಸೊಬ್ಬಳು ಖಾಲಿ ಕೊಡ ಹಿಡಿದು ಗೇಟಿನ ಹತ್ತಿರ ನಿಂತಿದ್ದಳು. “ನಲ್ಲೀಲಿ ನೀರ್ ಬಂದು ವಾರಾಯ್ತು. ಆ ಉಲ್ಲು ಕುಡ್ದು ಮಿಕ್ಕಿದ್ರೆ ನಮ್ಗೂ ಒಂದ್ ಕೊಡ ಬುಡಿ ಅಕ್ಕೋರೆ” ಅಂದಳು. ಕಪಾಳಕ್ಕೆ ಬಿಟ್ಟಂತಾಯಿತು. ಮೂರು ವರ್ಷದಿಂದ ಆ ಪೈಪನ್ನು ದಾಟಿಕೊಂಡೇ ಒಳಗೆ ಹೋಗುತ್ತಿದ್ದೆ. ಒಂದು ದಿನವೂ ಇದು ನನಗೆ ಹೊಳೆದಿರಲಿಲ್ಲ. ಅವಳ ಕೊಡ ತುಂಬಿಸಿ ಕಳಿಸಿ, ನೇರ ಮಾಲಿಯ ಹತ್ತಿರ ಹೋದೆ.

ನಮ್ಮ ಮಾಲಿಯ ಊರು ಗೋಪಾಲಸ್ವಾಮಿ ಬೆಟ್ಟದ ತಪ್ಪಲಲ್ಲಿ. ಅವರು ಹೊರಗುತ್ತಿಗೆ ನೌಕರ. ನನಗಿಂತ ಹತ್ತು ವರ್ಷ ದೊಡ್ಡವರು, ಅಣ್ಣ ಎನ್ನುತ್ತಿದ್ದೆ. ಆ ಹುಲ್ಲನ್ನು ಬೆಳೆಸಿದವರೇ ಅವರು, ತೆಗೆಯೋಣ ಅಂದರೆ ಬೇಸರ ಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅವರು ನನಗಿಂತ ಹೆಚ್ಚು ಉತ್ಸಾಹದಲ್ಲಿದ್ದರು.

“ತೆಗ್ದಾಕಿ ಅಕ್ಕೋರೆ. ಇದು ನಮ್ ಸೀಮೆ ಉಲ್ಲಲ್ಲ. ತಂಗಡಿ, ಕಣಗಿಲೆ, ಕತ್ತಾಳೆ, ಲೋಳೆಸರ ಆಕನ. ಎಲ್ಲಾ ನಾನೇ ತತ್ತೀನಿ. ಎರಡ್ ಬ್ಯಾಸ್ಗೆ ಕಾಯ್ಬೇಕು, ಬುಡಕ್ಕೆ ಒಂದೊಂದ್ ಚೊಂಬು ನೀರು. ಆಮೇಕೆ ಯಾರೂ ಬ್ಯಾಡ, ಅವೇ ಬದುಕ್ಕತವೆ.”

ಅದನ್ನೇ ಕಡತದ ಭಾಷೆಗೆ ತಿರುಗಿಸಲು ಕುಳಿತೆ. ನಮ್ಮಲ್ಲಿ ಟಿಪ್ಪಣಿ ಬರೆಯುವುದಕ್ಕೆ ಒಂದು ರೀತಿಯಿದೆ. ಮೇಲಿನವರು ಪ್ರಶ್ನೆ ಕೇಳುವಂಥ ವಾಕ್ಯ ಅದರಲ್ಲಿ ಇರಬಾರದು. ಪ್ರಶ್ನೆ ಬಂದರೆ ಕಡತ ವಾಪಸ್ಸು ಬಂದು ಆರು ತಿಂಗಳು ಮೇಜಿನ ಮೇಲೆ ಮಲಗುತ್ತದೆ. ‘ಎರಡು ಬೇಸಿಗೆ’ ಎಂದು ಬರೆದರೆ, ಯಾರು ಕಾಯುತ್ತಾರೆ, ಏಕೆ ಕಾಯಬೇಕು ಎಂಬ ಪ್ರಶ್ನೆ ಖಂಡಿತ. ಹಾಗಾಗಿ ಆ ಸಾಲು ಬಿಟ್ಟೆ. ‘ಸದರಿ ಗಿಡಗಳಿಗೆ ನೀರು ಹಾಗೂ ನಿರ್ವಹಣೆಯ ಅಗತ್ಯವಿರುವುದಿಲ್ಲ’ ಎಂದು ಬರೆದೆ. ಸಾಹೇಬರ ರುಜು ಒಂದೇ ವಾರಕ್ಕೆ ಬಂತು. ನಾನು ಹಿಗ್ಗಿ ಹೀರೇಕಾಯಿಯಾದೆ.

ಅಣ್ಣ ಹುಲ್ಲು ಕಿತ್ತು, ಗೋಣಿಚೀಲದಲ್ಲಿ ಸಸಿಗಳನ್ನು ಬಸ್ಸಿನ ಮೇಲೆ ಹಾಕಿಕೊಂಡು ತಂದು ನೆಟ್ಟರು. “ಏನ್ ಮೇಡಂ, ಕಚೇರಿ ಮುಂದೆ ಕಾಡು ಮಾಡ್ಬುಟ್ರಿ. ನಾಳೆ ಆನೆ ಬಂದು ರುಜು ಹಾಕ್ತದೆ” ಎಂದು ಪಕ್ಕದ ಮೇಜಿನವರು ಛೇಡಿಸಿದರು. ಉಳಿದ ನೀರಿಗೆ ಗೇಟಿನ ಹೊರಗೆ ಒಂದು ನಲ್ಲಿ ಹಾಕಿಸಿದೆವು. ಕೊಡಗಳ ಸಾಲು ನೋಡಿ ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ಮೂರನೇ ತಿಂಗಳು ಟಪಾಲಿನಲ್ಲಿ ಮೇಲಿನ ಕಚೇರಿಯ ಆದೇಶ ಬಂತು. ಲಕೋಟೆ ಒಡೆದವಳು ನಾನೇ. ‘ಸದರಿ ಗಿಡಗಳಿಗೆ ನೀರು ಹಾಗೂ ನಿರ್ವಹಣೆಯ ಅಗತ್ಯವಿರುವುದಿಲ್ಲವಾದ್ದರಿಂದ, ಮಾಲಿಯ ಸೇವೆಯನ್ನು ಮುಂದಿನ ತಿಂಗಳಿನಿಂದ ಕೈಬಿಡಲಾಗಿದೆ.’ ನನ್ನ ವಾಕ್ಯ, ಅಕ್ಷರ ಬಿಡದೆ. ಮತ್ತೆ ಓದಿದೆ, ಅದೇ ಇತ್ತು. ಕಾಗದ ಹಿಡಿದುಕೊಂಡೇ ಎದ್ದೆ.

ಹೊರಗೆ ಅಣ್ಣ ಕಣಗಿಲೆಗೆ ಪಾತಿ ಮಾಡುತ್ತಿದ್ದರು. ಹೇಳಿದೆ. ಕೂಗಾಡುತ್ತಾರೆ ಎಂದುಕೊಂಡಿದ್ದೆ, ಕೂಗಾಡಲಿಲ್ಲ.

“ಎರಡ್ ಬ್ಯಾಸ್ಗೆ ಕಾಯ್ಬೇಕು ಅಂದಿದ್ನಲ್ಲ, ಅದ ಬರೀನಿಲ್ವಾ ಅಕ್ಕೋರೆ?”

“ಇಲ್ಲ ಅಣ್ಣ. ಬಿಟ್ಬಿಟ್ಟೆ.”

ಅವರು ನನ್ನನ್ನು ನೋಡಲಿಲ್ಲ, ಗಿಡಗಳನ್ನು ನೋಡಿದರು. “ಸತ್ತೋಯ್ತವಲ್ಲ ಇವು” ಅಂದರು.

ಮರುದಿನವೇ ಇನ್ನೊಂದು ಟಿಪ್ಪಣಿ ಬರೆದುಕೊಂಡು ಸಾಹೇಬರ ಮುಂದೆ ನಿಂತೆ. ಅವರು ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರು. “ಅವತ್ತು ಬೇಡ ಅಂತ ಬರೆದವರೂ ನೀವೇ, ಇವತ್ತು ಬೇಕು ಅನ್ನೋರೂ ನೀವೇ. ಯಾವುದು ಸುಳ್ಳು ಅಂತ ಬರೆದು ರುಜು ಹಾಕಿ ಕೊಡಿ. ಮೇಲಕ್ಕೆ ಕಳಿಸ್ತೀನಿ” ಅಂದರು. ಸುಳ್ಳು ಬರೆದೆ ಎಂದು ರುಜು ಹಾಕಿದರೆ ನೋಟಿಸ್ ನನಗೆ ಬರುತ್ತದೆ. ಕಡತ ಎತ್ತಿಕೊಂಡು ನನ್ನ ಜಾಗಕ್ಕೆ ಬಂದೆ. ಅಷ್ಟು ಹೇಡಿ ನಾನು ಎಂದು ನನಗೇ ಗೊತ್ತಿರಲಿಲ್ಲ. ಅಣ್ಣ ಆ ತಿಂಗಳ ಕೊನೆಗೆ ಗುದ್ದಲಿಯನ್ನು ಸ್ಟೋರಿಗೆ ಒಪ್ಪಿಸಿ ಹೋದರು. ಈಗ ಚೆಂಡುಹೂವಿನ ಹೊಲಗಳಿಗೆ ಕೂಲಿಗೆ ಹೋಗುತ್ತಾರಂತೆ.

ಗಿಡಗಳನ್ನಾದರೂ ಸಾಯಿಸಬಾರದು ಎಂದು ನಾನು ಒಂದು ಬಸ್ಸು ಮುಂಚೆ ಹೊರಡತೊಡಗಿದೆ. ಯಾರೂ ಬರುವ ಮೊದಲು ಬುಡಕ್ಕೆ ಒಂದೊಂದು ಚೊಂಬು ನೀರು. ಎರಡನೇ ಬೇಸಿಗೆಯೂ ಮುಗಿಯುತ್ತಾ ಬಂದಿದೆ. ಒಂದು ಗಿಡವೂ ಒಣಗಿಲ್ಲ.

ಇವತ್ತು ಬೆಳಿಗ್ಗೆ ನೀರು ಹಾಕುತ್ತಿರುವಾಗಲೇ ಚಾಮರಾಜನಗರದ ಜಿಲ್ಲಾ ಕಚೇರಿಯವರೊಬ್ಬರ ಫೋನ್ ಬಂತು. “ಮಾಲಿ ಇಲ್ಲದೇನೇ ನಿಮ್ಮಲ್ಲಿ ಗಿಡಗಳು ಚೆನ್ನಾಗಿವೆಯಂತಲ್ಲ ಮೇಡಂ? ಇಲ್ಲೂ ಲಾನ್ ತೆಗೆಸ್ತಿದ್ದೀವಿ. ನಿಮ್ಮ ಟಿಪ್ಪಣಿ ಪ್ರತಿ ಕಳಿಸಿ, ಹಾಗೇ ಹಾಕಿಬಿಡ್ತೀವಿ.”

ಅಲ್ಲಿಯೂ ಒಬ್ಬ ಮಾಲಿ ಇದ್ದಾರೆ. ಚೊಂಬು ಕೆಳಗಿಟ್ಟೆ.

“ಮಾಲಿ ಇಲ್ಲ ಅಂತ ಯಾರು ಹೇಳಿದ್ದು? ದಿನಾ ನಾನೇ ನೀರು ಹಾಕ್ತಿದ್ದೀನಿ” ಅಂದೆ.

ಆ ಕಡೆಯವರು ತಮಾಷೆ ಎಂದುಕೊಂಡು ಜೋರಾಗಿ ನಕ್ಕರು. ಸಂಜೆಯೊಳಗೆ ಟಿಪ್ಪಣಿಯ ಪ್ರತಿ ಬೇಕು ಎಂದು ಹೇಳಿ ಫೋನ್ ಇಟ್ಟರು.